ಲಗ್ನಪತ್ರಿಕೆ ಬೀಳಬಾರದು

ಶಹಾಪುರ
ಮೇ ೧೩, ಇನ್ನೂ ಬೆಳಕಾಗಿಲ್ಲ

ಮೌನಾಳ ಅಪ್ಪನವರಿಗೆ,

ನಮಸ್ಕಾರ. ಗಂಡನಿಗೆ ನಮಸ್ಕಾರ ಎಂದು ಬರೆಯುವಷ್ಟು ಸಿಟ್ಟು ಬಂದಿದೆ ಎಂದು ತಿಳಿದುಕೊಳ್ಳಿ.

ಈಗ ಎರಡು ಗಂಟೆ ನಲವತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ನಿಮ್ಮ ಮಗಳಲ್ಲ. ಅವಳು ಒಂದೂವರೆಗೆ ಎದ್ದು, ಕುಡಿದು, ನನ್ನ ಮೂಗು ಹಿಡಿದು ಆಡಿ, ಎರಡೂಕಾಲಿಗೆ ಮಲಗಿದ್ದಳು. ಎಬ್ಬಿಸಿದ್ದು ಮಂಚದ ಕೆಳಗಿನ ಸ್ಪೀಕರ್. ನೀವು ಆರಿಸದೆ ಬಿಟ್ಟುಹೋದ ಆ ಡಬ್ಬಿ ತನ್ನ ಚಾರ್ಜು ಮುಗಿಯುತ್ತಾ ಬಂತೆಂದು ಐದು ನಿಮಿಷಕ್ಕೊಮ್ಮೆ ಇಂಗ್ಲಿಷಿನಲ್ಲಿ, ಹೆಂಗಸಿನ ದನಿಯಲ್ಲಿ ಹೇಳುತ್ತಿದೆ. ಕತ್ತಲಲ್ಲಿ ತಡಕಾಡಿ ಯಾವುದೋ ಗುಂಡಿ ಒತ್ತಿದರೆ ನಮ್ಮ ಕುಣಿತದ ಹಾಡೇ ಶುರುವಾಯಿತು. ಹೇಗೋ ಬಾಯಿ ಮುಚ್ಚಿಸಿ, ಟವೆಲಿನಲ್ಲಿ ಸುತ್ತಿ, ಅಡುಗೆಮನೆಯ ಜೋಳದ ಡಬ್ಬಿಯೊಳಗೆ ಹಾಕಿ ಬಂದೆ. ಅಲ್ಲಿಂದಲೂ ಹೇಳುತ್ತಿದೆ. ಈ ಮನೆಯಲ್ಲಿ ತನಗೆ ಸುಸ್ತಾಗಿದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅದೊಂದಕ್ಕೇ ಇದೆ.

ಹತ್ತು ಗಂಟೆಗೆ ನಿಮಗೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಕಟ್ ಮಾಡಿದಿರಿ. ಹನ್ನೊಂದಕ್ಕೆ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತುಹೋಯಿತು. ಸುರಪುರದ ಕಲ್ಯಾಣಮಂಟಪದ ಜನರೇಟರ್ ನೋಡಿ ಬರುತ್ತೇನೆಂದು ಹೋದವರು ಅದರೊಳಗೇ ಮಲಗಿದ್ದೀರೋ ಏನೋ. ವಾಯ್ಸ್ ಮೆಸೇಜ್ ಕಳಿಸೋಣವೆಂದರೆ ಪಡಸಾಲೆಯಲ್ಲಿ ವಡಗೇರಾದ ಚಿಕ್ಕಮ್ಮ, ದೋರನಹಳ್ಳಿಯ ಸೋದರತ್ತೆ, ಅವರ ಸೊಸೆಯಂದಿರು ಸಾಲಾಗಿ ಮಲಗಿದ್ದಾರೆ. ನಾನು ಪಿಸುಗುಟ್ಟಿದರೂ ಸಾಕು, ಮುಂಜಾನೆ ಚಹಾದ ಜೊತೆ ಅದನ್ನೇ ಅದ್ದಿಕೊಂಡು ತಿನ್ನುತ್ತಾರೆ. ಕೂಸು ನನ್ನ ಎಡಗೈ ಮೇಲಿದೆ. ಮೊಬೈಲಿನಲ್ಲಿ ಕನ್ನಡ ಒತ್ತಲು ನನಗೆ ಎರಡು ಕೈ ಬೇಕು, ಪೆನ್ನಿಗೆ ಒಂದು ಸಾಕು. ನನ್ನ ಬಿ.ಇಡಿ. ಪಾಠಯೋಜನೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಿವು. ಬರೆದು, ಫೋಟೋ ತೆಗೆದು ಕಳಿಸುತ್ತೇನೆ. ಮೇಲೆ ‘ಪಾಠದ ಉದ್ದೇಶ’ ಎಂದು ಅಚ್ಚಾಗಿದೆ, ಅದರ ಕಡೆ ನೋಡಬೇಡಿ.

ಒಂದು ಮಾತು ಮೊದಲೇ ತೀರ್ಮಾನವಾಗಲಿ. ಕುಣಿಯುತ್ತೇನೆಂದು ನಾನು ಯಾರನ್ನೂ ಕೇಳಿಕೊಂಡಿರಲಿಲ್ಲ. ಐದು ತಿಂಗಳ ಕೂಸು ಮಡಿಲಲ್ಲಿದೆ, ಒಂದು ರಾತ್ರಿಯೂ ಮೂರು ಗಂಟೆ ಸಲೀಸಾಗಿ ಮಲಗಿಲ್ಲ, ಮೌನಮ್ಮಜ್ಜಿಯ ಹೆಸರಿಟ್ಟ ಮಗಳು ಮೌನವಾಗಿದ್ದ ದಿನವನ್ನು ನಾನಿನ್ನೂ ನೋಡಬೇಕಿದೆ. ಇಂಥವಳಿಗೆ ಕುಣಿಯುವ ಹುಕಿ ಎಲ್ಲಿಂದ ಬರಬೇಕು? ಇದೆಲ್ಲ ನಮ್ಮ ಮದುಮಗ, ನಿಮ್ಮ ತಮ್ಮ ಮಲ್ಲುವಿನದು. ಲಗ್ನದ ಹಿಂದಿನ ಸಂಜೆ ಎರಡೂ ಕಡೆಯವರು ಕುಣಿಯಬೇಕೆಂದು ಸುರಪುರದ ಬೀಗರು ಹೇಳಿಕಳಿಸಿದರು. ಮದುಮಗಳ ಅಕ್ಕ ತನ್ನ ಗಂಡನ ಜೊತೆ ಕುಣಿದ ವಿಡಿಯೋವನ್ನೂ ಕಳಿಸಿದಳು. ಅದನ್ನು ನೋಡಿ ಮಲ್ಲು ನನ್ನೆದುರು ಬಂದು ನಿಂತ. “ವೈನಿ, ನಾ ನಿಮಗ ಏನೂ ಕೇಳಿಲ್ಲ ಇಲ್ಲೀತನಕ. ನೀವು ಅಣ್ಣಾ ಕುಣಿದು, ಕಡೀಕ ನಮ್ಮಿಬ್ಬರಿಗಿ ಕೈ ಹಿಡಿದು ಸ್ಟೇಜಿಗಿ ಕರ್ಕೋರಿ, ಅಷ್ಟ ಸಾಕು.” ಆ ಹುಡುಗ ನನ್ನ ಬಾಣಂತನದಲ್ಲಿ ನಡುರಾತ್ರಿ ಬಿಸಿನೀರು ಕಾಯಿಸಿ ತಂದುಕೊಟ್ಟವನು. ಇಲ್ಲ ಎನ್ನಲು ಹೇಗೆ ಬರುತ್ತದೆ? ನೀವು ಮಾತ್ರ ನನ್ನನ್ನು ಕೇಳದೆಯೇ, ಯಾದಗಿರಿಯಿಂದ ಜಾಹೀದ ಮಾಸ್ತರನನ್ನು ಗೊತ್ತುಮಾಡಿಕೊಂಡೇ ಬಂದಿರಿ.

ಮಾಸ್ತರ ಒಳ್ಳೆಯವನೇ. ಶಾಲೆಗಳ ಗ್ಯಾದರಿಂಗಿಗೆ ಎಂಬತ್ತು ಮಕ್ಕಳನ್ನು ಒಟ್ಟಿಗೆ ಗಿಳಿ ಮಾಡಿ ಕುಣಿಸಿದವನಿಗೆ ನಾವಿಬ್ಬರು ಯಾವ ಲೆಕ್ಕ ಎಂದುಕೊಂಡೇ ಬಂದಿದ್ದ. ಮೊದಲ ಹೆಜ್ಜೆಗಳೆಲ್ಲ ಬಂದವು. ಕೈ ಎತ್ತುವುದು, ನನ್ನನ್ನು ದೂರ ಕಳಿಸಿ ಮತ್ತೆ ಕರೆದುಕೊಳ್ಳುವುದು, ಎಲ್ಲವೂ. ಕುತ್ತಿಗೆಗೆ ಬಂದದ್ದು ಕೊನೆಯ ಆ ಸುತ್ತು. ಅದಕ್ಕೆ ಅವನು ಏನೋ ಇಂಗ್ಲಿಷ್ ಹೆಸರು ಹೇಳಿದ. ನಿಮ್ಮ ಅವ್ವನವರು ಎರಡು ಸಲ ಕೇಳಿದ ಮೇಲೆ ಸೋತು, ಚಕ್ಕಿ ಅಂತ ತಿಳಿಯಿರಿ ಅಮ್ಮಾ, ಬೀಸುವ ಕಲ್ಲು, ಎಂದ. ಅಂದಿನಿಂದ ಅದಕ್ಕೆ ಚಕ್ಕಿ ಎಂದೇ ಹೆಸರು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ನಿಲ್ಲಬೇಕು, ಬಲಪಕ್ಕೆಗೆ ಬಲಪಕ್ಕೆ ತಾಗಬೇಕು, ನಿಮ್ಮ ಬಲಗಾಲು ನನ್ನೆರಡು ಪಾದಗಳ ನಡುವೆ, ನನ್ನದು ನಿಮ್ಮೆರಡರ ನಡುವೆ, ಹಾಗೆಯೇ ಪಾದದ ಮುಂಭಾಗದ ಮೇಲೆ ಗಿರ್ರನೆ ಮೂರು ಸುತ್ತು. ನಡುವೆ ಗಾಳಿ ಆಡಬಾರದು.

ಅದನ್ನು ಪರೀಕ್ಷಿಸಲು ಅವನಿಗೊಂದು ಹಾಳೆ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ಕಪಾಟಿನ ಮೇಲೆ ಹಂಚದೆ ಉಳಿದಿದ್ದ ಲಗ್ನಪತ್ರಿಕೆಗಳು, ನಾಲ್ಕು ಮೂಲೆಗೂ ಅರಿಶಿಣ ಹಚ್ಚಿದವು. ಒಂದನ್ನು ನಮ್ಮಿಬ್ಬರ ಪಕ್ಕೆಗಳ ನಡುವೆ ಇಟ್ಟು ಹೇಳಿದ, “ಭಾಬಿ, ಚಕ್ಕಿಗಿ ನಡುವ ಗೂಟ ಒಂದ ಇರ್ತದ್ರಿ. ಈ ಕಾರ್ಡ್ ಬಿತ್ತಂದ್ರ ಗೂಟ ಎರಡಾದವು ಅಂತ ತಿಳ್ಕೋರಿ.”

ಒಂಬತ್ತು ದಿನ. ದಿನಾ ಸಂಜೆ ಮಾಳಿಗೆಯ ಮೇಲೆ ಆ ಕಾರ್ಡು ಬಿದ್ದದ್ದೇ ಬಿದ್ದದ್ದು. ಮೆಟ್ಟಿಲ ಮೇಲೆ ಕೂತು ಕೂಸನ್ನು ತೊಡೆಯಲ್ಲಿ ಆಡಿಸುತ್ತಿದ್ದ ನಿಮ್ಮ ಅವ್ವನವರು ಒಂದು ದಿನ, ಇದನ್ನ ಇನ್ನ ಯಾರಿಗಿ ಕೊಟ್ಟು ಲಗ್ನಕ್ಕ ಕರಿಯಾಕ ಬರ್ತದ, ಕಾಲಾಗ ಬಿದ್ದು ಬಿದ್ದು ಮೈಲಿಗಿ ಆಗ್ಯಾದ, ಎಂದರು. ನೀವು ನಗಲಿಲ್ಲ. ನೆಲ ನೋಡುತ್ತಾ ಹೆಜ್ಜೆ ಎಣಿಸುತ್ತಿದ್ದಿರಿ. ದಿನವಿಡೀ ಅಂಗಡಿಯಲ್ಲಿ ಕೂತು ಪಂಪ್‌ಸೆಟ್ಟಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವವರು, ಸಾವಿರ ಸುತ್ತು ತಪ್ಪದೆ ಎಣಿಸುವವರು, ಎಂಟರವರೆಗೆ ಎಣಿಸಲು ಬಾರದೆ ಆರಕ್ಕೇ ನನ್ನ ಕಾಲು ತುಳಿಯುತ್ತಿದ್ದಿರಿ. ನನ್ನ ಬಲಗಾಲಿನ ಕಿರುಬೆರಳು ಇನ್ನೂ ನೀಲಿಯಾಗಿದೆ. ಬೇಕಾದರೆ ಅದರ ಫೋಟೋವನ್ನೂ ಕಳಿಸುತ್ತೇನೆ.

ಹೀಗಿದ್ದೂ ತಪ್ಪು ನನ್ನದೇ ಆಯಿತು. ಮೊನ್ನೆ ಎಲ್ಲರ ಮುಂದೆ, ಮಾಸ್ತರನ ಮುಂದೆ ಹೇಳಿದಿರಲ್ಲ, “ಮೋಟಾರಿನ್ಯಾಗ ತಿರುಗೋ ರೋಟರಿಗೂ ನಿಂತಿರೋ ಸ್ಟೇಟರಿಗೂ ನಡುವ ಒಂದು ಕೂದಲೆಳಿ ಜಾಗ ಬಿಟ್ಟಿರ್ತಾರ. ಈಕಿ ಬಿಡೋದು ನೋಡ್ರಿ, ಎತ್ತಿನ ಬಂಡಿ ಹಾದು ಹೋಗ್ತದ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೆಳಗೆ ಬಂದು ಬ್ಲೌಸ್ ಬದಲಿಸಿ, ಕೂಸಿಗೆ ಕುಡಿಸಿ, ಗೋಡೆ ನೋಡುತ್ತಾ ಕೂತಿದ್ದೆ. ನನ್ನ ಬ್ಲೌಸುಗಳ ಬಗ್ಗೆಯೂ ಕೇಳಿದ್ದಿರಿ, ದಿನಕ್ಕೆ ಮೂರು ಯಾಕೆ, ಒಗೆಯುವವರು ಯಾರು ಎಂದು. ಮೇ ತಿಂಗಳ ಶಹಾಪುರದಲ್ಲಿ ಬೆವರುವುದಕ್ಕೂ ನಿಮ್ಮ ಅಪ್ಪಣೆ ಬೇಕೇನು?

ಇನ್ನು ನಿನ್ನೆ ಸಂಜೆಯ ವಿಷಯ. ಅದನ್ನು ನಾನು ಸರಿಯಾಗಿ ಹೇಳುತ್ತೇನೆ, ನೀವು ಸರಿಯಾಗಿ ಓದಿ.

ನಾನು ಸಗರದವಳು. ಪಂಚಮಿ ಬಂತೆಂದರೆ ನಮ್ಮ ಓಣಿಯಲ್ಲಿ ಫುಗಡಿ. ಎದುರುಬದುರು ನಿಂತು, ಕಾಲಿನ ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ, ಕೈ ಅಡ್ಡಹಾಕಿ ಹಿಡಿದು, ಮೈಯನ್ನು ಪೂರ್ತಿ ಹಿಂದಕ್ಕೆ ಬಿಟ್ಟು ತಿರುಗುವ ಆಟ. ಎಷ್ಟು ಹಿಂದಕ್ಕೆ ವಾಲುತ್ತೀಯೋ ಅಷ್ಟು ಜೋರಾಗಿ ತಿರುಗುತ್ತೀ. ಎದುರಿನವಳ ಭಾರ ನಿನ್ನನ್ನು ಹಿಡಿದಿರುತ್ತದೆ, ನಿನ್ನ ಭಾರ ಅವಳನ್ನು. ಕಾಲೇಜಿಗೆ ಬಂದ ಮೇಲೂ ನನ್ನನ್ನು ಫುಗಡಿಯಲ್ಲಿ ಸೋಲಿಸಿದವರಿಲ್ಲ. ಇಪ್ಪತ್ತು ವರ್ಷ ಮೈಗೆ ಹತ್ತಿದ ಅಭ್ಯಾಸ ಒಂಬತ್ತು ದಿನಕ್ಕೆ ಹೋಗುತ್ತದೆಯೇ? ಹಾಡು ಕೊನೆಗೆ ಬಂತು, ನೀವು ನನ್ನನ್ನು ಹತ್ತಿರ ಎಳೆದುಕೊಂಡಿರಿ, ತಿರುಗತೊಡಗಿದೆವು, ಎರಡನೇ ಸುತ್ತಿಗೆ ನನ್ನ ಮೈ ತಾನಾಗಿ ಹಿಂದಕ್ಕೆ ಹೋಯಿತು. ಫುಗಡಿಯ ಜೊತೆಗಾತಿ ಆಗಿದ್ದರೆ ಗಟ್ಟಿ ಹಿಡಿಯುತ್ತಿದ್ದಳು. ನಿಮಗೆ ಅದು ತಿಳಿಯದು, ಕೈ ಜಾರಿತು. ಬಿಸಿಲಿಗೆ ಹಾಕಿದ್ದ ಕೌದಿಗಳ ರಾಶಿಯ ಮೇಲೆ ಹೋಗಿ ಬಿದ್ದೆ. ಚಿಕ್ಕಮ್ಮನವರ ಹಲ್ಲುಸೆಟ್ಟು ಹೊರಗೆ ಬರುವಷ್ಟು ನಗು.

ನೀವೊಬ್ಬರೇ ಓಡಿಬಂದಿರಿ. ಎತ್ತಿ ನಿಲ್ಲಿಸಿದಿರಿ, ಮೊಣಕೈ ತರಚಿದೆಯೇನೋ ನೋಡಲು ಕೈ ಹಿಡಿದಿರಿ. ನಾನು ನಿಮ್ಮ ಕೈ ತಳ್ಳಿ, ಎರಡೂ ತೋಳನ್ನು ಎದೆಗೆ ಕಟ್ಟಿಕೊಂಡು ಕೆಳಗೆ ಓಡಿದೆ. ಹೌದು, ತಳ್ಳಿದೆ. ಅಷ್ಟು ಜನ ನಗುವಾಗ ಯಾರಾದರೂ ಓಡುತ್ತಾರೆ.

ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನೀವು ಕೇಳಿದ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ. ಜೋರಾಗಿ ಕೇಳಿದ್ದರೆ ನಾನೂ ಜೋರಾಗಿ ಬೈದು ಮುಗಿಸುತ್ತಿದ್ದೆ. ಯಾರಿಗೂ ಕೇಳದ ಹಾಗೆ ಕೇಳಿದಿರಿ. “ನಾ ಮುಟ್ಟಿದ್ರ ನಿನಗ ಹೇಸಿಗಿ ಬರ್ತದೇನು, ದಾನೀ? ಹೇಳಿಬಿಡು. ಮತ್ತ ಕೇಳಂಗಿಲ್ಲ.”

ಅದಕ್ಕೆ ನಾನು ಹೇಳಿದ್ದೇನು? “ಕೂಸು ಅಳಾಕತ್ಯಾದ, ದಾರಿ ಬಿಡ್ರಿ.”

ನೀವು ದಾರಿ ಬಿಟ್ಟಿರಿ. ಕೈಕಾಲು ತೊಳೆದು, ಅಂಗಿ ಬದಲಿಸಿ, ಬೈಕ್ ತೆಗೆದಿರಿ. ಗೇಟಿನ ಹತ್ತಿರ ನನ್ನ ಮುಖ ನೋಡದೆ ಹೇಳಿದಿರಿ, ಮುಂಜಾನೆ ಆರಕ್ಕೆ ಮದುಮಗಳ ಕಾಕಾ ಕಾರ್ಯಕ್ರಮದ ಪಟ್ಟಿ ಬರೆಯುತ್ತಾರೆ, ನಮ್ಮ ಹೆಸರು ತೆಗೆಸುತ್ತೇನೆ ಎಂದು. ಮಲ್ಲು ಅಲ್ಲೇ ನಿಂತಿದ್ದ. ನಿಮ್ಮ ಹೆಲ್ಮೆಟ್ಟು ಕೈಗೆ ಕೊಟ್ಟು ಒಳಗೆ ಹೋದ. ರಾತ್ರಿ ಊಟ ಅರ್ಧಕ್ಕೇ ಬಿಟ್ಟ.

ಹೇಸಿಗೆಯಂತೆ. ಮೂರು ವರ್ಷ ಒಂದೇ ಮಂಚದ ಮೇಲೆ ಮಲಗಿದವರು ಕೇಳುವ ಮಾತೇ ಇದು? ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುವಾಗ ನನಗೆ ಇನ್ನೊಂದು ಹೊಳೆಯಿತು. ಈ ವಾರ ನಿಂಬೆಹಣ್ಣು ಖರ್ಚಾಗುವುದನ್ನು ನೋಡಿ, ಬಂದ ನೆಂಟರೆಲ್ಲ ಶರಬತ್ತು ಕುಡಿದೇ ಬದುಕಿದ್ದಾರೇನೋ ಅಂದುಕೊಂಡಿದ್ದೆ. ಬಚ್ಚಲಮನೆಯ ಕಿಟಕಿಯಲ್ಲಿ ಹಿಂಡಿದ ಹೋಳುಗಳು ಸಾಲಾಗಿ ಒಣಗಿವೆ. ಅವು ನಿಮ್ಮವು. ಮಾಳಿಗೆಗೆ ಬರುವ ಮೊದಲು, ಮೋಟಾರಿನ ತಂತಿಗೆ ಹಚ್ಚುವ ವಾರ್ನಿಶ್ ವಾಸನೆ ಹೋಗಲೆಂದು ಕೈಗೆ ನಿಂಬೆಹಣ್ಣು ತಿಕ್ಕುತ್ತಿದ್ದಿರಿ. ಅದಕ್ಕೇ ಬೆರಳ ಸಂದಿಯಲ್ಲಿ ಚರ್ಮ ಒಡೆದಿತ್ತು. ನಾನು ದೂರ ಸರಿದದ್ದು ಆ ವಾಸನೆಗೆ ಎಂದುಕೊಂಡಿರಿ, ಹೌದೋ ಅಲ್ಲವೋ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನಿಮ್ಮ ಅಂಗಡಿಗೆ ಸುಟ್ಟ ಮೋಟಾರ್ ಬಂದರೆ ಬಿಚ್ಚಿ ನೋಡದೆ ಏನಾಗಿದೆ ಎಂದು ಹೇಳುವುದಿಲ್ಲ. ಹೆಂಡತಿಯ ವಿಷಯದಲ್ಲಿ ಮಾತ್ರ ಬಿಚ್ಚದೆಯೇ ತೀರ್ಪು.

ಕಾರಣ ಫುಗಡಿ. ಅಷ್ಟೇ. ಮೈಗೆ ಹತ್ತಿದ ಅಭ್ಯಾಸ. ಬೇರೇನೂ ಇಲ್ಲ.

ಆದ್ದರಿಂದ ನಮ್ಮ ಹೆಸರು ತೆಗೆಸಬೇಡಿ. ಮಲ್ಲುವಿಗಾಗಿಯಾದರೂ ಬೇಡ. ಇವತ್ತು ಸಂಜೆ ನಾವು ಕುಣಿಯದಿದ್ದರೆ ಬೀಗರು ಏನನ್ನುತ್ತಾರೋ, ನನಗೆ ಅದರ ಚಿಂತೆ ಇಲ್ಲ. ನೀವು ಹೆಸರು ತೆಗೆಸಿದಿರಿ ಎಂದರೆ ನನ್ನ ಉತ್ತರ ‘ಹೌದು’ ಎಂದು ಒಪ್ಪಿಕೊಂಡಿರಿ ಎಂದು ಅರ್ಥ. ನಾನು ಆ ಉತ್ತರ ಕೊಟ್ಟಿಲ್ಲ. ಕೂಸು ಅಳುತ್ತಿದೆ ಎಂದಷ್ಟೇ ಹೇಳಿದ್ದೇನೆ.

ಮುಂಜಾನೆ ಎಂಟು ಗಂಟೆಗೆ ಇಲ್ಲಿಂದ ಕ್ರೂಸರ್ ಗಾಡಿ ಹೊರಡುತ್ತದೆ. ಮಲ್ಲುವಿನ ಶೇರವಾನಿಯ ಪೈಜಾಮ ನಿಮ್ಮ ಬ್ಯಾಗಿನಲ್ಲೇ ಹೋಗಿದೆ, ಹುಡುಕಿ ಇಡಿ. ಊಟ ಮಾಡಿದಿರೋ ಇಲ್ಲವೋ ಅದನ್ನಾದರೂ ತಿಳಿಸಿ. ಮೂರೂವರೆ ಆಯಿತು, ನಿಮ್ಮ ಮಗಳು ತುಟಿ ಚೀಪುತ್ತಿದ್ದಾಳೆ, ಇನ್ನು ಐದು ನಿಮಿಷಕ್ಕೆ ಏಳುತ್ತಾಳೆ.

ನಿಮ್ಮ ಕಾಲ್ತುಳಿತ ತಿಂದ, ಆದರೂ ನಿಮ್ಮವಳೇ ಆದ,
ದಾನೇಶ್ವರಿ

ಮರೆತ ಮಾತು: ಮರೆತದ್ದಲ್ಲ. ಬರೆಯಲಾರದೆ ಬಿಟ್ಟದ್ದು. ಕೂಸಿಗೆ ಕುಡಿಸಿ ಮಲಗಿಸಿ ಮತ್ತೆ ಕೂತಿದ್ದೇನೆ, ನಾಲ್ಕು ಗಂಟೆ. ಮೇಲಿನ ಹಾಳೆಗಳನ್ನು ಓದಿ ನೋಡಿದೆ. ಫುಗಡಿ ಎಂದು ಬರೆದದ್ದು ಅರ್ಧ ನಿಜ. ಅದಷ್ಟನ್ನೇ ಕಳಿಸಿದರೆ ನೀವು ನಂಬುವುದಿಲ್ಲ, ನಂಬಬಾರದು ಕೂಡ.

ಮೊದಲನೆಯ ದಿನ ನೆನಪು ಮಾಡಿಕೊಳ್ಳಿ. ಮಾಸ್ತರ ಕಾರ್ಡ್ ಇಟ್ಟು, ಹಾಡು ಹಚ್ಚಲು ಫೋನಿನ ಕಡೆ ತಿರುಗಿದ್ದ. ನೀವು ಸುಮ್ಮನೆ ನೋಡೋಣ ಎಂದು ನನ್ನನ್ನು ತಿರುಗಿಸಿದಿರಿ. ಎರಡು ಸುತ್ತು ತಿರುಗಿದೆವು, ಪೂರ್ತಿ, ಹಾಡಿಲ್ಲದೆ. ನೀವು ಕಾಲು ನೋಡುತ್ತಿದ್ದಿರಿ, ನಿಮಗೆ ಗೊತ್ತೇ ಆಗಲಿಲ್ಲ. ಕಾರ್ಡ್ ಬೀಳಲಿಲ್ಲ. ಅಷ್ಟು ತಿಂಗಳ ಮೇಲೆ ನೀವು ನನ್ನನ್ನು ಹಾಗೆ ಹಿಡಿದದ್ದಕ್ಕೋ, ಕೆಳಗೆ ಕೂಸು ಕುಂಯ್ ಎಂದದ್ದಕ್ಕೋ, ನನಗೆ ಹಾಲು ಇಳಿಯಿತು. ಒಳಗಿನ ಬಟ್ಟೆ ದಾಟಿ, ಬ್ಲೌಸ್ ದಾಟಿ ಕಾರ್ಡಿಗೆ ಬಂತು. ಹುಳಿ ವಾಸನೆ ಬಂತೆಂದು ನನಗೆ ಅನ್ನಿಸಿತು. ಕಾರ್ಡನ್ನು ನಾನೇ ಬೀಳಿಸಿ, ಅದರ ಮೇಲೆ ಕಾಲಿಟ್ಟು ನಿಂತೆ. ಮಾಸ್ತರ ತಿರುಗಿ ನೋಡಿ, ಬಿತ್ತಲ್ಲ ಭಾಬಿ ಎಂದ. ಹೌದು ಬಿತ್ತು ಎಂದೆ. ಅಂದಿನಿಂದ ಬಿದ್ದದ್ದೆಲ್ಲ ಬೇರೆ ಕಾರ್ಡು, ನಾನು ಬೇಕೆಂದೇ ಜಾಗ ಬಿಟ್ಟು ಬೀಳಿಸಿದ್ದು. ನಿನ್ನೆಯೂ ಅದೇ. ನೀವು ಎಳೆದುಕೊಂಡಾಗ ಹಾಲು ಇಳಿಯುತ್ತದೆಂದು ಗೊತ್ತಾಯಿತು, ಹಿಂದಕ್ಕೆ ವಾಲಿದೆ. ಎದೆಗೆ ತೋಳು ಕಟ್ಟಿಕೊಂಡು ಓಡಿದ್ದು ಅಷ್ಟು ಜನರ ಮುಂದೆ ಬ್ಲೌಸ್ ನೆನೆದಿತ್ತೆಂದು.

ಇದು ಯಾಕಾಗುತ್ತದೆ, ಯಾವ ಹಾರ್ಮೋನಿಗೆ ಆಗುತ್ತದೆ ಎಂದು ನಾನು ಬಿ.ಎಸ್ಸಿ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೇನೆ. ಬರೆದವಳಿಗೆ ಬಾಯಿಬಿಟ್ಟು ಗಂಡನಿಗೆ ಹೇಳಲು ಬರಲಿಲ್ಲ. ನೀವು ನಿಮ್ಮ ವಾಸನೆಗೆ ಹೆದರಿದಿರಿ, ನಾನು ನನ್ನದಕ್ಕೆ.

ನಿಮ್ಮ ಅವ್ವನವರಿಗೆ ರಾತ್ರಿ ಗೊತ್ತಾಯಿತು. ಬಕೆಟ್ಟಿನಲ್ಲಿ ನೆನೆಹಾಕಿದ್ದ ಬ್ಲೌಸುಗಳನ್ನು ನೋಡಿ, ನನ್ನನ್ನು ಬಚ್ಚಲಮನೆಗೆ ಕರೆದು ಬಾಗಿಲು ಹಾಕಿದರು. ಬೈಯುತ್ತಾರೆಂದುಕೊಂಡೆ. ಬೈದರು ಕೂಡ. “ಮೊದಲ ಕೂಸಿಗಿ ಹೊಟ್ಟಿತುಂಬ ಕುಡಿಸು, ಆಮ್ಯಾಲ ಕುಣಿ. ಇಷ್ಟು ತಿಳೀಲಿಲ್ಲೇನು ಇಷ್ಟು ಓದಿದಾಕಿಗಿ? ಒಂಬತ್ತು ದಿನ ನನ್ನ ಮಗನ್ನ ಗೊಂಬಿ ಆಡಿಸಿದಂಗ ಆಡಿಸ್ಯಾಳ.” ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಎಲ್ಲಿ, ಆ ಚಕ್ಕಿ ನನಗ ತೋರ್ಸು ಎಂದರು. ಬಚ್ಚಲ ಕಲ್ಲಿನ ಮೇಲೆ ಅವರನ್ನು ಹಿಡಿದು ಒಂದು ಸುತ್ತು ತಿರುಗಿದೆ. ಅವರ ಕಾಲು ಒಂದು ಸಲವೂ ನನ್ನ ಕಾಲಿಗೆ ತಾಗಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

ಆದ್ದರಿಂದ ಪಟ್ಟಿಯಲ್ಲಿ ನಮ್ಮ ಹೆಸರು ಇರಲಿ, ಸಂಜೆ ಏಳೂವರೆಯ ನಂತರ ಇರಲಿ. ಏಳಕ್ಕೆ ಮೌನಾಳಿಗೆ ಕುಡಿಸುತ್ತೇನೆ. ಅವ್ವನವರು ಕೂಸನ್ನು ಎತ್ತಿಕೊಂಡು ಸ್ಟೇಜಿನ ಪಕ್ಕದಲ್ಲೇ ನಿಲ್ಲುತ್ತಾರೆ. ಅಷ್ಟಾಗಿಯೂ ಬ್ಲೌಸ್ ನೆನೆದರೆ ನೆನೆಯಲಿ. ಇನ್ನೊಂದು, ದಯವಿಟ್ಟು ಇವತ್ತು ಕೈಗೆ ನಿಂಬೆಹಣ್ಣು ಹಚ್ಚಬೇಡಿ. ದಿನಾ ರಾತ್ರಿ ಆ ವಾರ್ನಿಶ್ ವಾಸನೆ ಬಾಗಿಲಿಗೆ ಬಂತೆಂದರೆ, ಕೂಸನ್ನು ನಿಮ್ಮ ಕೈಗೆ ಕೊಟ್ಟು ಹತ್ತು ನಿಮಿಷ ಒರಗಬಹುದೆಂದು ನನ್ನ ಜೀವಕ್ಕೆ ಗೊತ್ತಾಗುತ್ತದೆ.

ಕೊನೆಯ ಫೋಟೋ ಮೊದಲ ದಿನದ ಕಾರ್ಡಿನದು. ಇಷ್ಟು ದಿನ ಹಾಸಿಗೆಯ ಕೆಳಗಿತ್ತು. ಹಾಲಿಗೆ ನೆನೆದು ಮೂಲೆಯ ಅರಿಶಿಣ ಮಲ್ಲುವಿನ ಹೆಸರಿನವರೆಗೆ ಹರಿದು ಬಂದಿದೆ, ನೋಡಿ.

ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ. ಸೈಲೆಂಟಿನಲ್ಲಿದೆ, ಆದರೂ ಪರದೆಯಲ್ಲಿ ಬೆಳಕು ಬಂದ ಕೂಡಲೇ ಎತ್ತುತ್ತೇನೆ. ಆ ಕಾಕಾ ಎದ್ದು ಪೆನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಬೆಳಗಾಗುವ ಮೊದಲು ಒಂದು ಫೋನ್ ಮಾಡಿ. ಮಾತಾಡುವಷ್ಟು ಸಿಟ್ಟು ಇಳಿದಿಲ್ಲವಾದರೆ ಮಾತಾಡಬೇಡಿ, ಸುಮ್ಮನೆ ಹಿಡಿದುಕೊಂಡಿರಿ. ಆದರೆ ಮಾಡಿ.